ಸಿಡಿಲಕ್ಕನ ಸೀಟಿ

ಫೆಬ್ರವರಿ 3, ಸೋಮವಾರ

ಇವತ್ತು ಮೇಸ್ತ್ರಿಯ ತಲೆ ಒಡೆದೆ. ಕಾಂಕ್ರೀಟು ಹೊರುವ ಬಾಂಡ್ಲಿಯಲ್ಲೇ ಬಾರಿಸಿದೆ. ಏಳು ಹೊಲಿಗೆಯಂತೆ. ಹತ್ತಾಗಿದ್ದರೆ ಇನ್ನೂ ಸಮಾಧಾನವಾಗುತ್ತಿತ್ತು.

ಆದದ್ದು ಇಷ್ಟು. ಮೂರನೇ ಮಹಡಿಯಿಂದ ಹಲಗೆಯೊಂದು ಜಾರಿ, ನನ್ನ ಮುಂದೆ ಹೊರೆ ಹೊತ್ತು ನಡೆಯುತ್ತಿದ್ದ ಮುದುಕಿಯ ಹೆಗಲ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದು. ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂತು. ಅವಳು ಕೂಗಲೂ ಇಲ್ಲ, ಕುಸಿದು ಕೂತು ಅದನ್ನೇ ನೋಡುತ್ತಿದ್ದಳು. ಓಡಿ ಬಂದ ಮೇಸ್ತ್ರಿ, "ಮೇಲೆ ನೋಡ್ಕೊಂಡು ನಡೀಬೇಕಲ್ವೇನಮ್ಮ" ಅಂದ. ತಲೆಯ ಮೇಲೆ ಮೂವತ್ತು ಕೆಜಿ ಇಟ್ಟುಕೊಂಡು ಮೇಲೆ ನೋಡುವುದು ಹೇಗೆ ಅಂತ ಅವನಿಗೆ ಅವನಪ್ಪ ಕಲಿಸಿದ್ದನೋ ಏನೋ! ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಪೊಲೀಸರು ಬಂದು ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು, ಆದರೆ ಮೇಸ್ತ್ರಿ ದೂರು ಕೊಡಲಿಲ್ಲ. ಕೊಟ್ಟರೆ ಹಲಗೆ ಬಿದ್ದದ್ದೂ ಕಾಗದಕ್ಕೆ ಬರುತ್ತದಲ್ಲ. ಠಾಣೆಯ ಅಧಿಕಾರಿ ಹೆಂಗಸು, ನನ್ನದೇ ವಯಸ್ಸು. "ಹತ್ತನೇ ಕ್ಲಾಸು ಓದಿದೀನಿ ಅಂತೀಯ. ಒಂದು ನೋಟ್‌ಬುಕ್ ತಗೊಂಡು, ಸಿಟ್ಟು ಬಂದಾಗೆಲ್ಲ ಬರಿ. ಯಾರಿಗೂ ತೋರಿಸ್ಬೇಡ, ನಂಗೂ ಬೇಡ. ಇನ್ನೊಂದ್ಸಲ ಇಲ್ಲಿಗೆ ಬಂದ್ರೆ ಮಾತ್ರ ಒಳಗೆ ಹಾಕ್ತೀನಿ" ಅಂದಳು. ಬರೆಯುತ್ತಿದ್ದೇನೆ ತಾಯಿ. ಸಿಟ್ಟು ಇಳಿದಿಲ್ಲ.

ತಮ್ಮ ಬಂದು ಬಾಗಿಲಲ್ಲೇ ನಿಂತು ಬೈದು ಹೋದ. ಅವನೂ ಅದೇ ಕಟ್ಟಡದಲ್ಲಿ ಇದ್ದಾನೆ. ಗೋಡೆಯ ಹೊರಗಡೆ ಪೈಪು, ಹಲಗೆಗಳ ಸಾರುವೆ ಕಟ್ಟುವುದು, ಕೆಲಸ ಮುಗಿದ ಮೇಲೆ ಬಿಚ್ಚುವುದು. "ನಿನ್ನಿಂದ ನನ್ನ ಕೆಲಸಾನೂ ಹೋಗತ್ತೆ ನೋಡು" ಅಂದ. ಅವ್ವ ಸತ್ತಾಗ ಅವನಿಗೆ ಆರು ವರ್ಷ, ನನಗೆ ಹದಿನಾರು. ಹೊಡೆದು ಬಡಿದು ಮನುಷ್ಯನನ್ನಾಗಿ ಮಾಡಿದ್ದೇನೆ. ಈಗ ನನಗೇ ಬುದ್ಧಿ ಹೇಳುತ್ತಾನೆ.

ಫೆಬ್ರವರಿ 4, ಮಂಗಳವಾರ

ಕೆಲಸದಿಂದ ತೆಗೆಯುತ್ತಾರೆ ಅಂತ ಇದ್ದಬದ್ದ ಬೈಗುಳವನ್ನೆಲ್ಲ ಜೋಡಿಸಿಕೊಂಡು ಇಂಜಿನಿಯರನ ಶೆಡ್ಡಿಗೆ ಹೋದೆ. ಒಂದನ್ನೂ ಬಳಸುವ ಅವಕಾಶ ಸಿಗಲಿಲ್ಲ.

"ಬಾಂಡ್ಲಿ ಹೊರೋದು ಸಾಕು. ನಾಳೆಯಿಂದ ನೀನು ಸೇಫ್ಟಿ" ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ನಮ್ಮ ಸೇಫ್ಟಿಯವನು ಡಿಗ್ರಿ ಓದಿದ ಹುಡುಗ. ಎಲ್ಲರಿಗೂ "ದಯವಿಟ್ಟು ಬೆಲ್ಟ್ ಹಾಕ್ಕೊಳ್ಳಿ" ಅನ್ನುತ್ತಿದ್ದ. ಎತ್ತರದಲ್ಲಿ ಕೆಲಸ ಮಾಡುವವರು ಬೀಳದ ಹಾಗೆ ಕೊಕ್ಕೆಯಿಂದ ಪೈಪಿಗೆ ಸಿಕ್ಕಿಸಿಕೊಳ್ಳುವ ಬೆಲ್ಟು ಅದು. ಯಾರೋ ಮೇಲಿಂದ ಅವನ ನೆತ್ತಿಗೆ ಸುಣ್ಣದ ನೀರು ಸುರಿದರು. ಕಣ್ಣು ಹೋಗದೆ ಉಳಿದದ್ದೇ ಪುಣ್ಯ, ಮರುದಿನದಿಂದ ಪತ್ತೆಯಿಲ್ಲ.

"ನಂಗೇನ್ ಗೊತ್ತು ಸಾರ್ ಸೇಫ್ಟಿ?"

"ಗೊತ್ತಿರೋದೇನೂ ಬೇಡ. ಇನ್ನೂರು ಜನ ಇದಾರೆ, ಒಬ್ಬನೂ ಬೆಲ್ಟ್ ಹಾಕಲ್ಲ. ಮುಂದಿನ ತಿಂಗಳು ಸರ್ಕಾರದವ್ರು ನೋಡೋಕೆ ಬರ್ತಾರೆ. ನಿನ್ನ ಕಂಡ್ರೆ ಎಲ್ರಿಗೂ ಪುಕಪುಕ ಅನ್ನತ್ತೆ. ಅಷ್ಟು ಸಾಕು."

ಹಸಿರು ಹೆಲ್ಮೆಟ್ಟು ಕೊಟ್ಟ, ಒಂದು ಸೀಟಿ ಕೊಟ್ಟ. ಕೋತಿಗೆ ಹೆಂಡ ಕುಡಿಸಿದ್ದಾರೆ, ಇನ್ನು ಆಟ ನೋಡಲಿ.

ಫೆಬ್ರವರಿ 11, ಮಂಗಳವಾರ

ಇವತ್ತು ನಾಲ್ಕು ಕಪಾಳಕ್ಕೆ. ಬಣ್ಣ ಬಳಿಯುವವನಿಗೆ ಎರಡು, ಅವನ ಕಪಾಳ ಅಗಲವಾಗಿದೆ. ಒಬ್ಬ ವೆಲ್ಡಿಂಗಿನವನು, "ಹೆಂಗಸಿನ ಕೈಲಿ ಹೊಡೆಸ್ಕೊಳ್ಳೋಕೆ ನಾನೇನು ನಿನ್ನ ಗಂಡನಾ?" ಅಂದ. ನನ್ನ ಗಂಡ ಓಡಿಹೋದದ್ದು ಯಾಕೆ ಅಂತ ಅವನಿಗೂ ಅರ್ಥವಾಗುವ ಹಾಗೆ ಹೊಟ್ಟೆಗೆ ಗುದ್ದಿದೆ. ಅಲ್ಲೇ ಕೂತು ತಿಂದದ್ದನ್ನೆಲ್ಲ ಕಕ್ಕಿದ. ಆಮೇಲೆ ಬೆಲ್ಟು ಹಾಕಿಕೊಂಡ.

ಈ ಸೈಟಿನಲ್ಲಿ ನನಗೆ ಸಿಡಿಲಕ್ಕ ಅಂತ ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ.

ಫೆಬ್ರವರಿ 24, ಸೋಮವಾರ

ಇವತ್ತು ಬರೀ ಒಂದು ಏಟು. ಇನ್ನೊಂದು ಬೇಕಾಗಲೇ ಇಲ್ಲ! ಗೇಟಿನಲ್ಲಿ ನಿಂತು ಒಂದು ಸಲ ಸೀಟಿ ಊದಿದರೆ ಸಾಕು, ಮೇಲೆ "ಸಿಡಿಲಕ್ಕ ಬಂದ್ಲು, ಕೊಕ್ಕೆ ಹಾಕ್ರೋ" ಅಂತ ಕೂಗು. ಒಂದನೇ ಮಹಡಿಯಿಂದ ಆರನೆಯದರವರೆಗೆ ಟಕ್ ಟಕ್ ಟಕ್ ಅಂತ ಬೆಲ್ಟಿನ ಕೊಕ್ಕೆಗಳು ಪೈಪಿಗೆ ಬೀಳುವ ಸದ್ದು. ಅದನ್ನು ಕೇಳುವುದೇ ಒಂದು ಖುಷಿ. ನಾನಿಲ್ಲದಾಗ ಕೊಕ್ಕೆಯನ್ನು ತಂತಮ್ಮ ಸೊಂಟದ ಬೆಲ್ಟಿಗೇ ಸಿಕ್ಕಿಸಿಕೊಂಡು ತಿರುಗುತ್ತಾರೆ ಅಂತ ಗೊತ್ತು. ಇರಲಿ, ನಾನು ಬಂದಾಗ ಹಾಕಿದರಾಯಿತು. ಬರುತ್ತಲೇ ಇರುತ್ತೇನೆ.

"ನೂರಕ್ಕೆ ನೂರು" ಅಂದ ಇಂಜಿನಿಯರ್. ಚಹಾ ಕೊಟ್ಟ.

ಮಾರ್ಚ್ 7, ಶುಕ್ರವಾರ

ಮೂರು ದಿನ ತರಬೇತಿಗೆ ಕಳಿಸಿದ್ದರು, ಇವತ್ತು ಮುಗಿಯಿತು. ಕ್ಲಾಸಿನಲ್ಲಿ ಹದಿನೆಂಟು ಜನ, ಎಲ್ಲರೂ ಇಸ್ತ್ರಿ ಅಂಗಿಯವರು. ಪಾಠ ಹೇಳುವ ಮೇಷ್ಟ್ರಿಗೆ ಬಲಗೈಯಲ್ಲಿ ಎರಡು ಬೆರಳಿಲ್ಲ. ಗರಗಸ ತಿಂದಿದ್ದಂತೆ. "ಇನ್ನು ಎಂಟಿದಾವೆ, ನಿಮಗೆಲ್ಲ ಪಾಠ ಮಾಡೋಕೆ ಸಾಕು" ಅಂತ ಅವರೇ ನಕ್ಕರು.

ಹಿತ್ತಲಲ್ಲಿ ಒಂದು ಸಾರುವೆ ಕಟ್ಟಿಸಿ, ತಪ್ಪು ಹುಡುಕಿ ಅಂದರು. ಇಸ್ತ್ರಿ ಅಂಗಿಯವರು ಕಾಗದ ಹಿಡಿದು ಕತ್ತು ಎತ್ತಿ ನೋಡಿದರು. ನಾನು ಹತ್ತಿ ನಡೆದೆ. ಮೂರನೇ ಹಲಗೆ ಕೆಳಗಡೆ ಬಿರುಕು ಬಿಟ್ಟಿದೆ ಅಂದೆ. ತಿರುಗಿಸಿ ನೋಡಿದರೆ ಇತ್ತು!

"ಹೇಗೆ ಗೊತ್ತಾಯ್ತಮ್ಮ?"

"ಇಪ್ಪತ್ತು ವರ್ಷ ಹೊರೆ ಹೊತ್ತು ನಡೆದಿದೀನಿ ಸಾರ್. ಕಣ್ಣು ಮುಂದೆ ಇರತ್ತೆ, ಹಲಗೆ ನೋಡೋದು ಪಾದಾನೇ."

ಅದನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ್ದನ್ನು ಠಾಣೆಯವರು ಬಿಟ್ಟರೆ ಇನ್ಯಾರೂ ಇದುವರೆಗೆ ಬರೆದುಕೊಂಡಿರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದವಳು ಜರುಗಿ ಕೂತಳು.

ಮರೆಯದಿರಲಿ ಅಂತ ಬರೆಯುತ್ತೇನೆ. ಬಿಚ್ಚುತ್ತಿರುವ ಸಾರುವೆಗೆ ಕೊಕ್ಕೆ ಹಾಕಬಾರದು. ಕಟ್ಟಡದ ಕಂಬಕ್ಕೆ ಬೇರೆ ಹಗ್ಗ ಬಿಗಿದು ಅದಕ್ಕೆ ಹಾಕಬೇಕು. ಮೈಗೆ ಏನಾದರೂ ಹೊಕ್ಕರೆ ಕೀಳಬಾರದು, ಕಿತ್ತರೆ ರಕ್ತ ನಿಲ್ಲುವುದಿಲ್ಲ.

ಮಾರ್ಚ್ 10, ಸೋಮವಾರ

ಹಗ್ಗ ಕೇಳಿದೆ. "ಮುಂದಿನ ವಾರ ತರಿಸ್ತೀನಿ, ಈಗ ಸಹಿ ಹಾಕು" ಅಂದ ಇಂಜಿನಿಯರ್. ದಿನಾ ಬೆಳಿಗ್ಗೆ ಎಲ್ಲ ಸರಿಯಿದೆ ಅಂತ ನಾನು ಒಂದು ಹಾಳೆಗೆ ಸಹಿ ಹಾಕಿದರೇನೇ ಕೆಲಸ ಶುರು. ಹಾಕಿದೆ. ಒಂದು ವಾರ ತಾನೇ.

ಮಾರ್ಚ್ 14, ಶುಕ್ರವಾರ

ಸ್ವಂತ ತಮ್ಮನೇ ನನ್ನ ಮಾನ ಕಳೆದ. ಸೀಟಿ ಊದಿದರೂ ಕೊಕ್ಕೆ ಹಾಕದೆ ಪೈಪಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ. ಪಕ್ಕದವರು ಕಿಸಿಕಿಸಿ ನಗುತ್ತಿದ್ದರು. ಕೆಳಗಿಳಿಸಿ, ಎಲ್ಲರ ಮುಂದೆ ಎರಡೂ ಕೆನ್ನೆಗೆ ಬಿಟ್ಟೆ. ಹೆಲ್ಮೆಟ್ಟು ಹಾರಿ ಗಾರೆಯಲ್ಲಿ ಬಿತ್ತು. ತುಟಿ ಒಡೆದು ರಕ್ತ ಬಂತು. ಮೂವತ್ತೊಂದು ವರ್ಷದವನು, ಆರು ವರ್ಷದಲ್ಲಿ ನೋಡುತ್ತಿದ್ದ ಹಾಗೇ ನೋಡಿದ.

ಸಂಜೆ ಅವನ ಹೆಂಡತಿ ಬಂದಳು. ಏಳು ತಿಂಗಳ ಬಸುರಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಅತ್ತಿಗೆ, ಅವ್ರು ಊಟ ಬಿಟ್ಟಿದಾರೆ. ನೀವು ಬೈದಿದ್ರೆ ಸಾಕಿತ್ತು."

"ಬೈದ್ರೆ ಕಿವಿಗೆ ಹೋಗತ್ತೆ, ಹೊಡೆದ್ರೆ ತಲೆಗೆ ಹೋಗತ್ತೆ."

"ಅವ್ರ ತಲೆಗೆ ಹೋಗಿರೋದು ನಿಮ್ಮ ಭಯ ಒಂದೇ ಅತ್ತಿಗೆ" ಅಂದು ಹೋದಳು. ಬಾಯಿ ಜೋರಾಗಿದೆ. ಬಸುರಿ ಅಂತ ಬಿಟ್ಟೆ.

ಮಾರ್ಚ್ 24, ಸೋಮವಾರ

ತಮ್ಮ ಬಿದ್ದ.

ಮಾರ್ಚ್ 25, ಮಂಗಳವಾರ

ಆಸ್ಪತ್ರೆಯ ಬೆಂಚಿನಲ್ಲಿ ಬರೆಯುತ್ತಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ರಕ್ತವಿದೆ, ತೊಳೆದರೂ ಹೋಗುತ್ತಿಲ್ಲ.

ನಿನ್ನೆ ಹತ್ತೂಕಾಲಿಗೆ ನಾಲ್ಕನೇ ಮಹಡಿಯ ಸಾರುವೆ ಬಿಚ್ಚುತ್ತಿದ್ದರು. ಕೆಳಗಿನಿಂದ ನೋಡಿದೆ, ತಮ್ಮನ ಕೊಕ್ಕೆ ಅವನ ಸೊಂಟದಲ್ಲೇ ನೇತಾಡುತ್ತಿತ್ತು. ಮೈಯೆಲ್ಲ ಉರಿಯಿತು. ಇದ್ದ ಉಸಿರನ್ನೆಲ್ಲ ಹಾಕಿ ಸೀಟಿ ಊದಿದೆ. ಅವನು ಬೆಚ್ಚಿ ನನ್ನ ಕಡೆ ತಿರುಗಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಮತ್ತೆ ನೋಡುವಷ್ಟರಲ್ಲಿ ಕೆಳಕ್ಕೆ ಬೀಳುತ್ತಿದ್ದ.

ಎರಡನೇ ಮಹಡಿಯ ಅಂಚಿಗೆ ಬೆನ್ನು ಬಡಿದು, ಅಲ್ಲಿಂದ ತಿರುಗಿ, ಗೋಡೆಗೆಂದು ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಮೇಲೆ ಬಿದ್ದ. ಒಂದು ಕಂಬಿ ಎಡತೊಡೆಯ ಹಿಂದಿನಿಂದ ಹೊಕ್ಕು ಮುಂದೆ ಒಂದು ಗೇಣು ಹೊರಗೆ ಬಂದಿತ್ತು. ಅವನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಆಮೇಲೆ ಬಂತು. ಆ ಕೂಗು ಮನುಷ್ಯರದ್ದಲ್ಲ.

ಎದೆಯ ಮೇಲೆ ಅಡ್ಡ ಬಿದ್ದಿದ್ದ ಪೈಪನ್ನು ಬಿಡಿಸಿ ಆಚೆ ಎಸೆದೆ. ಮೇಸ್ತ್ರಿ ಅವನ ಕಂಕುಳಿಗೆ ಕೈ ಹಾಕಿ "ಎತ್ರೋ, ಎಳೀರೋ" ಅಂದ. ಮೇಸ್ತ್ರಿಯ ಬಾಯಿಗೇ ಗುದ್ದಿದೆ, ಒಂದು ಹಲ್ಲು ಹೋಯಿತು. ಎಳೆದಿದ್ದರೆ ತಮ್ಮ ಅಲ್ಲೇ ಸಾಯುತ್ತಿದ್ದ. ಕಂಬಿ ಕತ್ತರಿಸುವವನನ್ನು ಕೂಗಿ, ತೊಡೆಯ ಕೆಳಗೆ ಕತ್ತರಿಸಲು ಹೇಳಿದೆ. ಮಿಷನ್ನಿನ ಕಿಡಿ ಇಬ್ಬರ ಮೇಲೂ ಹಾರುತ್ತಿತ್ತು. ಕಂಬಿ ಕಾದು ಮಾಂಸ ಸುಟ್ಟ ವಾಸನೆ. ನಾನು ಗಾಯದ ಮೇಲೆ ಮೊಳಕೈ ಊರಿ ಕೂತಿದ್ದೆ. ಕೈ ಸ್ವಲ್ಪ ಸಡಿಲಿಸಿದರೆ ರಕ್ತ ಬಿಸಿಯಾಗಿ ಮುಖಕ್ಕೇ ಚಿಮ್ಮುತ್ತಿತ್ತು. "ಅಕ್ಕಾ, ಬಿಡೇ, ಸಾಯ್ತೀನಿ, ಬಿಡೇ" ಅನ್ನುತ್ತಿದ್ದ. ಬಿಡಲಿಲ್ಲ.

ಕಂಬಿಯ ಸಮೇತ ಆಸ್ಪತ್ರೆಗೆ ಬಂದ. ಜೀವ ಇದೆ. ಕಾಲಿನ ಬಗ್ಗೆ ಕೇಳಿದರೆ ಡಾಕ್ಟರು ಗಡಿಯಾರ ನೋಡುತ್ತಾರೆ.

ಮಾರ್ಚ್ 27, ಗುರುವಾರ

ಕಾಲು ತೆಗೆದರು. ಮಂಡಿಯ ಮೇಲೆ.

ಮಾರ್ಚ್ 28, ಶುಕ್ರವಾರ

ಇಂಜಿನಿಯರ್ ಆಸ್ಪತ್ರೆಗೇ ಬಂದ. ಒಂದು ಹಾಳೆ ಕೊಟ್ಟ. ಅಪಘಾತದ ವರದಿ ಸೇಫ್ಟಿಯವಳೇ ಬರೆಯಬೇಕಂತೆ. "ಕಾರ್ಮಿಕನು ಕೊಕ್ಕೆ ಹಾಕಿರಲಿಲ್ಲ ಅಂತ ಒಂದೇ ಸಾಲು ಬರಿ, ಮುಗೀತು" ಅಂದ. "ಬೇರೆ ಏನಾದ್ರೂ ಬರೆದ್ರೆ ಮೊದ್ಲು ಕೇಳೋದು ಆವತ್ತಿನ ಹಾಳೆಗೆ ಸಹಿ ಹಾಕಿದ್ಯಾರು ಅಂತ. ಯೋಚ್ನೆ ಮಾಡು."

ಯೋಚಿಸುವುದೇನಿದೆ? ಕೊಕ್ಕೆ ಹಾಕಿರಲಿಲ್ಲ, ನಾನೇ ನೋಡಿದ್ದೇನೆ. ನೂರು ಸಲ ಹೇಳಿದ್ದೆ ಆ ಮೂದೇವಿಗೆ!

ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, ತಮ್ಮ ತನ್ನ ಹೆಂಡತಿಗೆ ಹೇಳುತ್ತಿದ್ದ: "ನಾನು ಹಾಕಿದ್ದೆ ಅನ್ನಿಸ್ತದೆ ಕಣೆ. ಎಲ್ರೂ ಇಲ್ಲ ಅಂತಾರೆ. ನಂಗೇ ತಲೆ ಕೆಟ್ಟಿದೆಯಾ?" ನಾನು ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಕಡೆ ಹೊರಳಿದ. ಹೊರಳಲು ಅರ್ಧ ನಿಮಿಷ ಹಿಡಿಯಿತು. "ಅವ್ಳನ್ನ ಕಳಿಸು" ಅಂದ.

ಮಾರ್ಚ್ 29, ಶನಿವಾರ

ಕ್ರೇನ್ ಓಡಿಸುವವನು ಗೇಟಿನ ಹತ್ತಿರ ತಡೆದ. ಅವನು ಮೇಲೆ ಗೂಡಿನಲ್ಲಿ ಕೂತಿರುತ್ತಾನೆ, ಯಾರ ತಂಟೆಗೂ ಹೋಗುವವನಲ್ಲ.

"ಅಕ್ಕ, ಅವ್ನು ಕೊಕ್ಕೆ ಹಾಕಿದ್ದ."

ಹೊಡೆದೆ. ಅವನು ಕೆನ್ನೆ ಒರೆಸಿಕೊಂಡು ಅಲ್ಲೇ ನಿಂತ.

"ಇನ್ನೊಂದು ಹೊಡಿ. ಆದ್ರೂ ಹಾಕಿದ್ದ. ನೀನು ಸೀಟಿ ಊದಿದ್ಮೇಲೆ ಹಾಕಿದ್ದು. ಅವ್ನು ಹಾಕಿದ ಪೈಪನ್ನ ಹಿಡಿದಿದ್ದ ಎರಡೂ ಕ್ಲ್ಯಾಂಪು ಅರ್ಧ ನಿಮಿಷ ಮುಂಚೆ ಅವ್ನೇ ಬಿಚ್ಚಿದ್ದ, ಪೈಪು ಸುಮ್ನೆ ಕೂತಿತ್ತು. ನಾನು ನೋಡ್ತಾನೇ ಇದ್ದೆ. ಅವ್ನು ಪೈಪು ನೋಡ್ಲಿಲ್ಲ ಅಕ್ಕ, ನಿನ್ನ ನೋಡ್ದ. ಟಕ್ ಅಂತ ಹಾಕಿ, ಹಾಕಿದೀನಿ ನೋಡು ಅಂತ ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲ್ದ."

ಸುಳ್ಳ. ಕಳ್ಳ ನನ್ಮಗ. ಗೂಡಿನಲ್ಲಿ ಕೂತು ಕೂತು ಬಿಸಿಲಿಗೆ ಮಿದುಳು ಕರಗಿದೆ.

ಮಾರ್ಚ್ 30, ಭಾನುವಾರ

ಸುಳ್ಳಲ್ಲ.

ತಮ್ಮನ ಎದೆಯ ಮೇಲೆ ಬಿದ್ದಿದ್ದ ಪೈಪು. "ಬಿಡಿಸಿ ಆಚೆ ಎಸೆದೆ" ಅಂತ ನಾನೇ ಇಲ್ಲಿ ಬರೆದಿದ್ದೇನೆ. ಬರೀ ಬಿದ್ದಿದ್ದರೆ ತಳ್ಳಬಹುದಿತ್ತು, ಬಿಡಿಸುವುದು ಏನಿತ್ತು? ಹೆಬ್ಬೆರಳಿಗೆ ಗೊತ್ತು. ಕೊಕ್ಕೆಯ ನಾಲಗೆಯನ್ನು ಒತ್ತಿ, ಪೈಪನ್ನು ಹೊರಗೆ ಎಳೆದದ್ದು ಈ ಹೆಬ್ಬೆರಳೇ.

ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಗೋಡೆಗೆ ಹಣೆ ಚಚ್ಚಿಕೊಂಡೆ, ಊದಿಕೊಂಡಿದೆ. ನಾನು ಸುಮ್ಮನೆ ಇದ್ದಿದ್ದರೆ ಅವನು ಆ ಕ್ಷಣ ಏನನ್ನೂ ನಂಬಿ ಹಿಂದಕ್ಕೆ ವಾಲುತ್ತಿರಲಿಲ್ಲ. ಕೊಕ್ಕೆ ಇಲ್ಲದೆಯೇ, ಬೆಕ್ಕಿನ ಹಾಗೆ ಕೆಳಗಿಳಿದು ಬರುತ್ತಿದ್ದ.

ಏಪ್ರಿಲ್ 1, ಮಂಗಳವಾರ

ವರದಿ ಬರೆದೆ. ಮೂರು ಪುಟ ಆಯಿತು. ಹಗ್ಗ ಇರಲಿಲ್ಲ. ಕೇಳಿದ್ದೆ, ತರಿಸಲಿಲ್ಲ. ಇಲ್ಲ ಅಂತ ಗೊತ್ತಿದ್ದೂ ಆವತ್ತು ಬೆಳಿಗ್ಗೆ ನಾನು ಸಹಿ ಹಾಕಿದೆ. ಕಾರ್ಮಿಕ ಕೊಕ್ಕೆ ಹಾಕಿದ್ದ. ಕಳಚಿದ ಪೈಪಿಗೆ ಹಾಕಿದ್ದ. ನನಗೆ ಹೆದರಿ ಹಾಕಿದ್ದ. ಹತ್ತು ದಿನಗಳ ಮುಂಚೆ ನಾನು ಅವನಿಗೆ ಎಲ್ಲರೆದುರು ಹೊಡೆದಿದ್ದೆ. ಈ ಸೈಟಿನಲ್ಲಿ ಎಲ್ಲರೂ ಹೀಗೇ ಹಾಕುತ್ತಾರೆ, ಅದನ್ನು ಕಲಿಸಿದವಳು ನಾನು.

ಇಂಜಿನಿಯರನ ಮೇಜಿನ ಮೇಲೆ ಇಡಲಿಲ್ಲ. ಬಸ್ಸು ಹತ್ತಿ ಸರ್ಕಾರದ ತಪಾಸಣೆ ಕಚೇರಿಗೇ ಹೋಗಿ ಕೊಟ್ಟು, ಮುದ್ರೆ ಒತ್ತಿದ ಒಂದು ಪ್ರತಿ ಇಸಿದುಕೊಂಡು ಬಂದೆ.

ಏಪ್ರಿಲ್ 4, ಶುಕ್ರವಾರ

ತಪಾಸಣೆ ಅಧಿಕಾರಿ ಬಂದು ಕೆಲಸ ನಿಲ್ಲಿಸಿದ. ಇನ್ನೂರು ಜನ ಮನೆಗೆ. ಹೋಗುವಾಗ ಒಬ್ಬೊಬ್ಬರೂ ನನ್ನ ಕಾಲ ಹತ್ತಿರ ಉಗುಳಿ ಹೋದರು. "ತಮ್ಮನ ಕಾಲು ತಿಂದ್ಲು, ಈಗ ನಮ್ಮ ಅನ್ನಾನೂ ತಿಂದ್ಲು" ಅಂದಳು ನನ್ನ ಜೊತೆ ಹದಿನೈದು ವರ್ಷ ಹೊರೆ ಹೊತ್ತವಳು.

ಏಪ್ರಿಲ್ 6, ಭಾನುವಾರ

ಕಿಟಕಿಯಿಂದ ಎರಡು ಕಲ್ಲು ಬಂದವು. ಒಂದು ಪಾತ್ರೆಗೆ, ಒಂದು ನನ್ನ ಕಿವಿಯ ಹಿಂದಕ್ಕೆ. ಬಟ್ಟೆ ಒತ್ತಿ ಹಿಡಿದಿದ್ದೇನೆ. ಹಳೆಯ ನಾನಾಗಿದ್ದರೆ ಅಂತ ಬರೆಯಲು ಹೊರಟೆ, ಹಳೆಯ ನಾನು ಯಾವಾಗ ಹೋದಳು ಅಂತ ಗೊತ್ತಿಲ್ಲ. ನಿದ್ದೆ ಬರುತ್ತಿದೆ.

ಏಪ್ರಿಲ್ 9, ಬುಧವಾರ

ಮೇಸ್ತ್ರಿ ಹೊಡೆದ. ನನ್ನ ಸಾಮಾನು ತರಲು ಸೈಟಿಗೆ ಹೋಗಿದ್ದೆ. ಎರಡನೇ ಮಹಡಿಯಲ್ಲಿ ಎದುರಾದ. ಹಲ್ಲಿಲ್ಲದ ಬಾಯಿಂದ ಏನೇನೋ ಬೈದು, ಮುಷ್ಟಿ ಕಟ್ಟಿ ದವಡೆಗೆ ಬಿಟ್ಟ. ಕಣ್ಣು ಕತ್ತಲೆ ಬಂತು. ಮತ್ತೆ ಕೈ ಎತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಹಿಂದೆ ಲಿಫ್ಟ್ ಕೂರಿಸಲು ಬಿಟ್ಟ ಗುಂಡಿ, ಅಡ್ಡಗಟ್ಟಿದ್ದ ಹಲಗೆ ಯಾರೋ ತೆಗೆದಿದ್ದಾರೆ. ಅವನ ಹಿಮ್ಮಡಿ ಗಾಳಿಯಲ್ಲಿತ್ತು. ಅಂಗಿ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅವನು ಗುಂಡಿಯನ್ನು ನೋಡಿದ, ನನ್ನನ್ನು ನೋಡಿದ, ಬೆವರಿದ.

"ಹಲಗೆ ತೆಗೆದಿದ್ಯಾರು?" ಅಂತ ಕೇಳಿದೆ.

"ನಾನೇ. ಬೇರೆ ಕಡೆ ಬೇಕಿತ್ತು" ಅಂದ.

ಇಬ್ಬರೂ ಸೇರಿ ಅಡ್ಡ ಕಟ್ಟಿದೆವು, ಎರಡು ಸಾಲು, ಸೊಂಟದೆತ್ತರಕ್ಕೆ. ಮೊಳೆ ಹೊಡೆಯುವಾಗ ಅವನು ಎರಡು ಸಲ ಬೆರಳಿಗೇ ಹೊಡೆದುಕೊಂಡ, ಸುತ್ತಿಗೆ ನಾನು ಇಸಿದುಕೊಂಡೆ. ಮನೆಗೆ ಬಂದು ಊದಿದ ದವಡೆಗೆ ತಣ್ಣೀರು ಹಚ್ಚುವಾಗ ನೆನಪಾಯಿತು, ತಿರುಗಿ ಹೊಡೆಯುವುದನ್ನೇ ಮರೆತಿದ್ದೆ.

ಏಪ್ರಿಲ್ 17, ಗುರುವಾರ

ನನ್ನನ್ನು ಕೆಲಸದಿಂದ ತೆಗೆದ ಕಾಗದ ಸೋಮವಾರ ಬಂದಿತ್ತು. ಇವತ್ತು ಇಂಜಿನಿಯರ್ ತಾನೇ ಕಾರು ತಂದು ಮನೆಯ ಮುಂದೆ ನಿಂತ. ತಪಾಸಣೆ ಅಧಿಕಾರಿಯ ಆದೇಶವಂತೆ. ವರದಿ ಬರೆದವರು ಸಾರುವೆ ಪೂರ್ತಿ ನೋಡಿ ಸಹಿ ಹಾಕುವವರೆಗೆ ಕೆಲಸ ಶುರು ಮಾಡುವಂತಿಲ್ಲ.

ಅಧಿಕಾರಿ ಸೈಟಿನಲ್ಲೇ ಇದ್ದ. ನರೆತ ಮೀಸೆ, ನಗು ಕಡಿಮೆ. "ಮೂವತ್ತು ವರ್ಷದಿಂದ ಇಂಥ ವರದಿ ಓದ್ತಿದೀನಮ್ಮ. ಎಲ್ಲದ್ರಲ್ಲೂ ಬಿದ್ದವನದೇ ತಪ್ಪು. ಬರೆದವರ ತಪ್ಪು ಇರೋದು ಇದೊಂದೇ. ನಿನ್ನ ಸಹಿಯ ಮೇಲೆ ಕೇಸು ನಡೆಯತ್ತೆ, ಅದನ್ನ ನಾನು ತಪ್ಪಿಸಲ್ಲ. ಆದ್ರೆ ಈ ಕಟ್ಟಡಕ್ಕೆ ಇನ್ನೊಬ್ಬರ ಸಹಿ ನಾನು ನಂಬಲ್ಲ" ಅಂದ.

ಬೂಟು ಬಿಚ್ಚಿ ಬರಿಗಾಲಲ್ಲಿ ಆರೂ ಮಹಡಿಯ ಹಲಗೆಗಳ ಮೇಲೆ ನಡೆದೆ. ಬೂಟು ಬಿಚ್ಚುವುದೂ ತಪ್ಪೇ, ಅದನ್ನು ಮಾತ್ರ ಹಾಳೆಯಲ್ಲಿ ಬರೆಯಲಿಲ್ಲ. ಇಪ್ಪತ್ಮೂರು ಹಲಗೆ ಬದಲಾಯಿಸಿ ಅಂದೆ, ಹಗ್ಗ ಇಲ್ಲದ ಕಡೆ ಸಹಿ ಇಲ್ಲ ಅಂದೆ. ಇಂಜಿನಿಯರ್ ಹಲ್ಲು ಕಡಿದ. ಕಡಿಯಲಿ, ಅವನ ಹಲ್ಲು.

ನಾಲ್ಕನೇ ಮಹಡಿಯಲ್ಲಿ ತಮ್ಮ ಬಿದ್ದ ಜಾಗಕ್ಕೆ ಬಂದಾಗ ಕೂತು ಅತ್ತೆ. ಜೋರಾಗಿಯೇ ಅತ್ತೆ. ಆಮೇಲೆ ಆ ಕ್ಲ್ಯಾಂಪುಗಳನ್ನೂ ನೋಡಿದೆ.

ಏಪ್ರಿಲ್ 30, ಬುಧವಾರ

ಕೆಲಸ ಶುರುವಾಗಿ ವಾರವಾಯಿತು, ದಿನದ ಹಾಳೆಗೆ ಮತ್ತೆ ನನ್ನದೇ ಸಹಿ. ದಿನಾ ಮೇಲೆ ಹತ್ತಿ ಒಬ್ಬೊಬ್ಬರ ಪಕ್ಕ ನಿಲ್ಲುತ್ತೇನೆ, "ಎಲ್ಲಿ ಹಾಕ್ತೀಯ ತೋರಿಸು, ಎಳೆದು ನೋಡು" ಅನ್ನುತ್ತೇನೆ. ಮಂಡಿ ನೋವು ಶುರುವಾಗಿದೆ. ಒಬ್ಬ "ತಲೆ ತಿನ್ಬೇಡ ಹೋಗಕ್ಕ" ಅಂದ. ಎಳೆದು ನೋಡಿದ ಮೇಲೆ ಹೋದೆ. ವೆಲ್ಡಿಂಗಿನವನು, "ನೀನು ಈಗ ಹೊಡಿಯಲ್ವಂತೆ, ಹೌದಾ?" ಅಂತ ಕೇಳಿದ. ಯಾರು ಹೇಳಿದರೋ. ಲೆಕ್ಕ ಇಟ್ಟಿಲ್ಲ. ಮಧ್ಯಾಹ್ನ ಅವನೇ ಹುಡುಕಿಕೊಂಡು ಬಂದು, "ಐದನೇ ಮಹಡಿ ಮೂಲೇಲಿ ಪೈಪು ಅಲ್ಲಾಡ್ತದೆ ಅಕ್ಕ, ಬಂದು ನೋಡು" ಅಂದ. ಹೋಗಿ ನೋಡಿದರೆ ನಿಜವಾಗಿಯೂ ಅಲ್ಲಾಡುತ್ತಿತ್ತು.

ಮೇ 4, ಭಾನುವಾರ

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇಪ್ಪತ್ತು ದಿನ. ಮೂರು ಸಲ ಹೋಗಿದ್ದೆ, ಮೂರು ಸಲವೂ ಬಾಗಿಲು ಹಾಕಿಸಿದ್ದ. ಇವತ್ತು ಅವನ ಹೆಂಡತಿ ಬಾಗಿಲು ತೆರೆದು, "ಇವತ್ತೋ ನಾಳೆಯೋ ಹೆರಿಗೆ ಅತ್ತಿಗೆ. ಅಷ್ಟರೊಳಗೆ ಇದೊಂದು ಮುಗಿಸಿ" ಅಂದಳು.

ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬಂದಿದೆ. ಎಡಗಡೆ ಹೊದಿಕೆ ತೊಡೆಯ ಹತ್ತಿರ ಇಳಿದು ಹಾಸಿಗೆಗೆ ಅಂಟಿತ್ತು.

"ಯಾಕ್ ಬಂದೆ?"

ಮುದ್ರೆ ಒತ್ತಿದ ಪ್ರತಿ ತೆಗೆದು ಓದಿದೆ. ಮೂರು ಪುಟವನ್ನೂ, ನಿಂತುಕೊಂಡೇ. ಕೊಕ್ಕೆ ಹಾಕಿದ್ದ ಅನ್ನುವ ಸಾಲಿಗೆ ಬಂದಾಗ ಅವನು ನನ್ನ ಕಡೆ ತಿರುಗಿದ. ಆಮೇಲೆ ನನಗೆ ಹೆದರಿ ಅನ್ನುವ ಸಾಲು. ಅದನ್ನು ಎರಡು ಸಲ ಓದಬೇಕಾಯಿತು.

"ಹಾಕಿದ್ದೆ ತಾನೇ?" ಅಂದ.

"ಹಾಕಿದ್ದೆ ಕಣೋ. ನಾನೇ ಬಿಡಿಸಿದ್ದು."

"ನಲವತ್ತು ದಿನ. ನಲವತ್ತು ದಿನ ನಂಗೆ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದೆ." ಆಮೇಲೆ "ಹತ್ರ ಬಾ" ಅಂದ.

ಹೋದೆ. "ಬಗ್ಗು" ಅಂದ. ಬಗ್ಗಿದೆ. ಹೊಡೆದ. ಕಿವಿ ಗುಂಯ್ ಅಂತು. ಇನ್ನೊಂದು ಕಡೆಗೂ ಹೊಡೆದ, ಕೂದಲು ಹಿಡಿದು ತಲೆಯನ್ನು ಮಂಚದ ಪಟ್ಟಿಗೆ ಬಡಿದ. ತುಟಿ ಒಡೆದು ಬಾಯೆಲ್ಲ ಉಪ್ಪು. ಅವನ ಹೆಂಡತಿ "ಬಿಡ್ರೀ, ಸಾಯ್ತಾರೆ" ಅಂತ ಕೂಗಿದಳು. ಬೇಡ, ಬಿಡು ಅಂತ ಅವಳಿಗೆ ಕೈಸನ್ನೆ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಅವನು ನನ್ನ ಮೇಲೆ ಕೈ ಎತ್ತಿದ್ದು ಇದೇ ಮೊದಲು. ಹೊಡೆಯುವುದೂ ನನ್ನ ಹಾಗೇ, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ.

ನಾಲ್ಕನೆಯದೋ ಐದನೆಯದೋ ಏಟು ಅರ್ಧಕ್ಕೆ ನಿಂತಿತು. ಕೂದಲಲ್ಲಿದ್ದ ಕೈ ಹಾಗೇ ಇತ್ತು, ಹಿಡಿತ ಸಡಿಲವಾಯಿತು. ನನ್ನ ನೆತ್ತಿಯ ಮೇಲೆ ಅವನ ಗಲ್ಲ ಊರಿ, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ಅಕ್ಕಾ, ಕಾಲು ನೋಯ್ತದೆ."

"ಎಲ್ಲಿ? ಗಾಯದ ಹತ್ರಾನಾ?"

"ಅಲ್ಲ. ಕೆಳಗೆ. ಪಾದ. ಇಲ್ಲ ಅಂತ ಗೊತ್ತು, ಆದ್ರೂ ನೋಯ್ತದೆ. ಯಾರಿಗೂ ಹೇಳಿಲ್ಲ, ಇದಕ್ಕೂ ಹುಚ್ಚು ಅಂತಾರೆ."

ಮಂಚದ ತುದಿಯಲ್ಲಿ ಕೂತೆ. ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಕಡೆ ಎರಡೂ ಕೈ ಇಟ್ಟು, ಮೆಲ್ಲಗೆ ಹಾಸಿಗೆಯನ್ನು ಒತ್ತಿದೆ. ಅವನು ಕಣ್ಣು ಮುಚ್ಚಿಕೊಂಡ.

"ಇಲ್ಲಾ?" ಅಂತ ಕೇಳಿದೆ.

"ಇನ್ನೂ ಸ್ವಲ್ಪ ಕೆಳಗೆ ಅಕ್ಕ" ಅಂದ.